ಹಗೇವಿನೊಳಗ ಕಂದೀಲು

ಕಣ್ಣಿಗೂ ಉಸಿರು ಅದ ಅನ್ನೋದು
ನನಗ ಗೊತ್ತಾದದ್ದು ಇಪ್ಪತ್ತನೇ ವರ್ಷಕ್ಕ,
ವಿಜಯಪುರದ ಡಾಕ್ಟರ್ ನಫೀಸಾ ಇನಾಮದಾರರ
ಕತ್ತಲ ಕೋಣಿಯೊಳಗ,
ಗದ್ದ ಒಂದು ತಟ್ಟಿ ಮ್ಯಾಲ, ಹಣಿ ಒಂದು ಪಟ್ಟಿಗೆ,
ಎಡಗಣ್ಣಿಗೆ ಬೆಳಕಿನ ಒಂದು ಸಂದು.

ಅದಕ್ಕೂ ಮೊದಲು ತಿಕೋಟಾ ರಸ್ತೆ, ನಸುಕಿನ ಐದೂವರೆ.
ಸೈಕಲ್ಲಿನ ಹ್ಯಾಂಡಲ್ಲಿಗೆ ಬಗ್ಗಿದ್ರ
ಚಶ್ಮಾ ಮೂಗಿನ ತುದಿಗೆ, ಬೆವರು ಗಾಜಿಗೆ,
ಮುಂದಿನವಳ ಗಾಲಿ ಒಂದಿದ್ದದ್ದು ಎರಡು.
"ಮೈನಸ್ ನಾಲ್ಕೂವರೆ ಇಟಗೊಂಡು ಮೆಡಲ್ ಹ್ಯಾಂಗ ತರ್ತಿ?"
ಅಂದ್ರು ಹಲಸಂಗಿ ಸರ್.
ಅವತ್ತೇ ಸಂಜಿಗೆ ನೀರಿನ ಹನಿಯಂಥವು ಎರಡು
ನನ್ನ ಬೆರಳ ತುದಿಗೆ ಬಂದು ಕುಂತವು.

ಮರುದಿನ ಮೈಲಿಗಲ್ಲಿನ ಅಂಕಿ, ಜಾಲಿಯ ಒಂದೊಂದು ಮುಳ್ಳು,
ಎದುರು ಬಂದ ಲಾರಿ ಡ್ರೈವರನ ಹಲ್ಲಿನ ಎಲಿಅಡಿಕಿ ಕೆಂಪು,
ಎಲ್ಲಾ ಬರೋಬ್ಬರಿ ಕಂಡಿತು.

ಖುಷಿಗೆ ಮೈಮರೆತೆ.
ಡಬ್ಬಿ ತೊಳೆದದ್ದು ಹಾಸ್ಟೆಲಿನ ನಳದ ನೀರಿಗೆ.
ತಿಂಗಳಿಗೆ ಒಗೆಯೂದನ್ನ ಎರಡು ತಿಂಗಳು ಎಳೆದೆ.
ಹುಬ್ಬಳ್ಳಿಯಿಂದ ಬರೋ ರಾತ್ರಿ ರೈಲಿನ್ಯಾಗ
ಕೈಗೆ ಸಾಬೂನಿಲ್ಲ ಅಂತ ತೆಗೀದೇ ಮಲಗಿದೆ.
ಮರುರಾತ್ರಿ ಸಾಬೂನಿತ್ತು. ಆಲಸ್ಯವೂ ಇತ್ತು.

ಮೂರನೇ ಮುಂಜಾನೆ
ಬೆಳಕು ಅಂದ್ರ ಚುಚ್ಚೋ ವಸ್ತು.
"ಎದಿಹಾಲು ನಾಕು ಹನಿ ಹಾಕು" ಅಂದಳು ಫೋನಿನ್ಯಾಗ ಆಯಿ.
ಹುಡುಗ್ಯಾರ ಹಾಸ್ಟೆಲಿನ್ಯಾಗ ಎಲ್ಲಿಂದ ತರ್ಲಿ?

"ಮೈಯಾಗ ಎಲ್ಲಾದಕ್ಕೂ ರಕ್ತ ಬುತ್ತಿ ಹೊತ್ತು ತರ್ತದ," ಡಾಕ್ಟರ್ ಅಂದ್ರು,
"ಕರಿಗುಡ್ಡಿ ಮುಂದಿನ ಈ ಗಾಜಿಗೆ ಮಾತ್ರ ಇಲ್ಲ.
ರಕ್ತನಾಳ ಹೊಕ್ಕರ ಅದು ಗಾಜಾಗಿ ಉಳಿಯೂದಿಲ್ಲ.
ಅದಕ್ಕ ಗಾಳೀನ ಕಣ್ಣೀರಾಗ ಕಲಸಿಕೊಂಡು ಉಣ್ತದ.
ರಾತ್ರಿ ರೆಪ್ಪಿ ಮುಚ್ಚಿದಾಗ ಅರೆಹೊಟ್ಟಿ.
ಅಂಥಾದ್ರ ಮ್ಯಾಲ ನೀ ಇನ್ನೊಂದು ಮುಚ್ಚಳ ಇಟ್ಟಿ."

ಪರದೆಯ ಮ್ಯಾಲ ನನ್ನ ಕಣ್ಣೇ, ತಾಟಿನಷ್ಟು ದೊಡ್ಡದು.
ಬಿಳಿ ಅಂಚಿನಿಂದ ನಾಕು ಕೆಂಪು ಎಳಿ
ಕರಿಕಿ ಬೇರಿನಂಗ ನಡುವಿಗೆ ಹೊಂಟಿದ್ದವು.
"ಹಸಿದ ಕೂಸು ಕೂಗ್ತು, ಓಡಿ ಬಂದಾವ.
ತಪ್ಪು ಅವುಗಳದ್ದಲ್ಲ."

ನನಗ ನೆನಪಾದದ್ದು ಮುತ್ಯಾನ ಹಗೇವು.
ಬಾಯಿಕಲ್ಲು ಸರಿಸಿದ ಕೂಡಲೇ ಯಾರೂ ಇಳೀಬಾರದು.
ಮೊದಲು ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಡತಿದ್ದ.
ದೀಪ ಕಣ್ಣು ಮುಚ್ಚಿದರ ಎಲ್ಲಾರೂ ಹತ್ತು ಹೆಜ್ಜಿ ಹಿಂದ.
"ಜ್ವಾಳ ಅಂದ್ರ ಸತ್ತ ಕಾಳಲ್ಲ, ತಂಗಿ.
ಒಳಗ ಕುಂತು ಉಸಿರು ಹಾಕ್ಯಾವ,
ನಿನ್ನ ಪಾಲಿಂದೂ ಉಂಡು ಮುಗಿಸ್ಯಾವ.
ಗಾಳಿ ಆಡಲಿ, ತಡಿ."
ತಡೀತಿದ್ವಿ. ಎಷ್ಟು ಹೊತ್ತಾದರೂ.

ಡಾಕ್ಟರ್ ಇಳಿಬಿಟ್ಟ ದೀಪ ಆರಲಿಲ್ಲ.
ಹುಣ್ಣು ಆಗಿಲ್ಲ, ಅಲ್ಲಾನ ದಯಾ, ಅಂದ್ರು.
ಈಗ ಗಾಳಿ ಹಾಯಿಸೋ ಹೊಸ ಜಾತಿಯವೂ ಸಿಗ್ತಾವಂತ,
ಡಬ್ಬಿ ಮ್ಯಾಲ ಅದಕ್ಕೊಂದು ಅಂಕಿ ಇರ್ತದಂತ.
"ಅಂಕಿ ಎಷ್ಟೇ ದೊಡ್ಡದಿರಲಿ, ಮಲಗೂ ಮುಂದ ತೆಗಿ.
ಕಿಟಕಿ ದೊಡ್ಡದದ ಅಂತ
ಮಲಗೋ ಖೋಲಿಯಾಗ ಒಲಿ ಹಚ್ತಾರೇನು?"

ಆರು ವಾರ ಮತ್ತ ಚಶ್ಮಾ. ಒಂದು ರೇಸ್ ಹೋಯ್ತು.
ಹಲಸಂಗಿ ಸರ್ ಎರಡು ದಿನ ಮಾತಾಡಲಿಲ್ಲ,
ಮೂರನೇ ದಿನ ಚಶ್ಮಾ ಕಟ್ಟಾಕ
ಲುಂಗಿಯ ಅಂಚು ಹರಿದು ಹೊಲಿದ ಪಟ್ಟಿ ತಂದ್ರು.
ನಾ ಅದನ್ನ ಇನ್ನೂ ಇಟ್ಟೀನಿ.

ಈಗ ರಾತ್ರಿ ಒಂಬತ್ತಕ್ಕ
ಕೈ ತೊಳೆದು, ಒರೆಸಿ, ಆರಿಸಿ,
ಎರಡು ಹನಿ ಅವುಗಳ ನೀರಿಗೆ ಬಿಟ್ಟು
ಮಾಳಗಿ ಹತ್ತತೀನಿ.
ಊರಿನ ದೀಪ ಎಲ್ಲಾ ಉಬ್ಬಿದ ರೊಟ್ಟಿಯಷ್ಟು ದೊಡ್ಡವು,
ಒಂದಕ್ಕೂ ಅಂಚಿಲ್ಲ.
ಸ್ಟೇಷನ್ ಎಲ್ಲಿ, ಗುಮ್ಮಟ ಎಲ್ಲಿ, ಹೇಳಾಕ ಬರೂದಿಲ್ಲ.
ಕೆಳಗಿಂದ ಯಾರೋ ಕೇಳ್ತಾರ,
"ಏನ ನೋಡಾಕತ್ತಿ ಅಲ್ಲಿ, ಕತ್ತಲಾಗ?"

ಏನೂ ಇಲ್ಲ.
ಕಣ್ಣು ಊಟಕ್ಕ ಕುಂತಾವ.